ಬೇಕರಿ ಮುಂದಿನ ಮನೆ

ಸೋಮವಾರ, ಮಧ್ಯಾಹ್ನ

ಮಗಳೇ ಚುಕ್ಕಿ,

ಅಮ್ಮನ ಆಶೀರ್ವಾದ. ಅಪ್ಪ ಈಗ ಹುಷಾರಾಗಿದ್ದಾರೆ, ಮೊದಲು ಅದನ್ನು ಓದಿಕೊಂಡು ಉಸಿರು ಬಿಡು. ಎದೆನೋವು ಬಂದಿತ್ತು, ಆಸ್ಪತ್ರೆಯಿಂದ ನಿನ್ನೆ ಮನೆಗೆ ಕರೆತಂದೆವು. ಈ ಸುದ್ದಿ ನಿನಗೆ ಹೊಸದೋ ಹಳೆಯದೋ, ಅದನ್ನು ಕೇಳಲಿಕ್ಕೇ ಈ ಕಾಗದ. ಫೋನು ನೀನು ಎತ್ತುತ್ತಿಲ್ಲ. ಎತ್ತಿದರೂ ಆ ಆಂಬುಲೆನ್ಸ್ ಆಫೀಸಿನಲ್ಲಿ ಕಲಿತ ನಯವಾದ ದನಿಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಜಾರಿಕೊಳ್ಳುತ್ತೀ. ಕಾಗದದಲ್ಲಾದರೆ ಕೇಳಿದ್ದು ಕೇಳಿದ ಹಾಗೇ ಉಳಿಯುತ್ತದೆ.

ಗುರುವಾರ ಊಟ ಮುಗಿಸಿ ವೆಲ್ಡಿಂಗ್ ಶೆಡ್ಡಿಗೆ ಹೊರಟವರು ಹೊಸ್ತಿಲಲ್ಲೇ ಕೂತುಬಿಟ್ಟರು. ಮೈಯೆಲ್ಲ ತಣ್ಣನೆ ಬೆವರು. ಬೀದಿ ಕೊನೆಯ ದವಾಖಾನೆಗೆ ಎಂದಿನಂತೆ ಬೀಗ. ಡಾಕ್ಟರು ಬರುವ ದಿನ ಬೇರೆ, ನಾವು ಕಾಯಿಲೆ ಬೀಳುವ ದಿನ ಬೇರೆ. ಪಕ್ಕದ ಮನೆಯ, ಕಟಿಂಗ್ ಅಂಗಡಿಯ ಕಟಿಂಗ್ ಅಣ್ಣ ನಿಮ್ಮ ಆಫೀಸಿಗೇ ಫೋನು ಹಚ್ಚಿದ. ಸ್ಪೀಕರ್ ಹಾಕಿದ್ದ, ನಾನೂ ಕೇಳಿಸಿಕೊಂಡೆ.

ರೈಲ್ವೆ ಗೇಟಿನ ಈಚೆ ಬೀದಿ ಅಂತ ನಮ್ಮ ಮನೆ ಗುರುತು ಹೇಳಿದ ಕೂಡಲೇ ಫೋನಿನ ಹುಡುಗಿ ಸುಮ್ಮನಾದಳು. ಅವನು ಹಲೋ ಹಲೋ ಅಂದು ಸುಸ್ತಾದ. ಆಮೇಲೆ, ಆ ಕಡೆಗೆ ಗಾಡಿ ತಡವಾಗುತ್ತದೆ, ಕಾಯಬೇಕು ಅಂದಳು. ಅದೇನು ಹೊಸದಲ್ಲ ಬಿಡು. ಆದರೆ ಫೋನಿಡುವ ಮೊದಲು ದನಿ ತಗ್ಗಿಸಿ ಇನ್ನೊಂದು ಮಾತು ಅಂದಳು: "ಗೇಟು ದಾಟಿ ಬೇಕರಿ ಹತ್ರ ಬಂದ್ಬಿಡಿ."

ನನಗೆ ಸಂಶಯ ಹತ್ತಿದ್ದು ಅಲ್ಲೇ. ನಮ್ಮಲ್ಲಿ ಯಾರಿಗೇನಾದರೂ ತಳ್ಳುಗಾಡಿಯಲ್ಲಿ ಮಲಗಿಸಿ ಗೇಟು ದಾಟಿಸುತ್ತೇವೆ, ಬೇಕರಿ ಮುಂದೆ ನಿಂತು ಇದೇ ನಮ್ಮ ಮನೆ ಅಂತ ಫೋನು ಮಾಡುತ್ತೇವೆ. ಆ ವಿಳಾಸಕ್ಕಾದರೆ ಗಾಡಿ ಓಡೋಡಿ ಬರುತ್ತದೆ. ಈ ಗುಟ್ಟು ಗೇಟಿನ ಆಚೆಯ ಹುಡುಗಿಗೆ ಹೇಗೆ ಗೊತ್ತು? ಅಪ್ಪನನ್ನು ತರಕಾರಿ ಗಾಡಿಯಲ್ಲಿ ತಳ್ಳಿಕೊಂಡು ಹೋದರೆ ಆಂಬುಲೆನ್ಸು ಆಗಲೇ ಬಂದು ನಿಂತಿತ್ತು. ಅಲ್ಲಿಂದ ನಾವು ಫೋನೇ ಮಾಡಿರಲಿಲ್ಲ. ಈ ಬೇಕರಿಯ ಬನ್ನಿಗೆ ಅದೇನು ಹಾಕುತ್ತಾರೋ, ಊರಿನ ಎದೆನೋವೆಲ್ಲ ಇಲ್ಲೇ ಬರುತ್ತದೆ ಅಂತ ಡ್ರೈವರು ನಕ್ಕ. ಆಸ್ಪತ್ರೆಯಲ್ಲಿ ಚಿಕ್ಕ ಡಾಕ್ಟರು, ಇಷ್ಟು ತಡ ಯಾಕೆ ಮಾಡಿದಿರಿ ಅಂತ ನನ್ನನ್ನೇ ಗದರಿದರು.

ಆ ಆಫೀಸಿನ ಹುಡುಗಿಯರೆಲ್ಲ ಒಂದೇ ಥರ ಮಾತಾಡುತ್ತಾರೆ ಅನ್ನುತ್ತಾನೆ ಕಟಿಂಗ್ ಅಣ್ಣ. ದನಿ ಹಾಗಿರಲಿ, ಆ ಸುಮ್ಮನಿರುವುದನ್ನು ನಾನು ಬಲ್ಲೆ. ಸುಳ್ಳು ಹೇಳುವ ಮುಂಚೆ ನೀನು ಚಿಕ್ಕಂದಿನಿಂದಲೂ ಹಾಗೇ. ಹೆತ್ತ ಅಪ್ಪ ಅಂತ ಗೊತ್ತಿದ್ದೂ ಕಾಯಿರಿ ಅಂದೆಯಾ? ಗಾಡಿ ಕಳಿಸಿದವಳೂ ನೀನೇ ಆದರೆ ಮನೆ ಬಾಗಿಲಿಗೆ ಕಳಿಸಲು ಏನಾಗಿತ್ತು? ಆ ಕಡೆ ರೂಮು ಮಾಡಿಕೊಂಡ ಮೇಲೆ ಈ ಕಡೆಯವರು ಬೇಡವಾದೆವಾ?

ಅಪ್ಪನ ಮೇಲೂ ನನಗೆ ಅನುಮಾನ. ಆ ಫೋನಿನ ಹುಡುಗಿಯ ಮಾತು ತೆಗೆದರೆ, ನಿನ್ನ ಹೆಸರೆತ್ತುವ ಮೊದಲೇ "ಅವಳಲ್ಲ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನೀವಿಬ್ಬರೂ ಸೇರಿ ನನ್ನಿಂದ ಏನೋ ಮುಚ್ಚಿಟ್ಟಿದ್ದೀರಿ. ನಿಜ ಬರೆ, ಬೈಯುವುದಿದ್ದರೆ ಒಂದೇ ಸಲ ಬೈದು ಮುಗಿಸುತ್ತೇನೆ.

ಉತ್ತರಕ್ಕೆ ಕಾಯುತ್ತಿರುವ,
ನಿನ್ನ ಅಮ್ಮ

ಮತ್ತೆ: ಕಾಗದ ಅಂಟಿಸುವ ಮೊದಲು ಅಪ್ಪನಿಗೆ ಬ್ರೆಡ್ಡು ತರಲು ಬೇಕರಿಗೆ ಹೋಗಿದ್ದೆ. ರೋಗಿಗಳು ಬಂದು ನಿಲ್ಲಬಾರದೆಂದು ಬೇಕರಿಯವನು ಮುಂದೆ ಸರಪಳಿ ಕಟ್ಟಿಸಿದ್ದಾನೆ. ನಾನು ಜಗಳಕ್ಕೆ ನಿಂತೆ. ಅವನಂದ, "ಗೇಟಿನ ಆಚೆ ನಿಮ್ ಕಡೆಯೋರಿಗೆ ಕೆಲ್ಸ ಕೊಡಲ್ಲ ಅಂತ ನಿಮ್ ಮಗಳೂ ಅರ್ಜೀಲಿ ನನ್ನಂಗಡೀನೇ ಮನೆ ಅಂತ ಬರೆಸಿದ್ಲು. ನಿಮ್ ಯಜಮಾನ್ರೇ ಬಂದು ಕೈಮುಗಿದ್ರು, ಬಾಯ್ಮುಚ್ಕೊಂಡಿದ್ದೆ. ಶುಕ್ರವಾರ ಅವಳ ಆಫೀಸಿನೋರು ಬಂದು ಅವಳ ಮನೆ ಇದೇನಾ ಅಂತ ವಿಚಾರಿಸ್ಕೊಂಡು ಹೋದ್ರು."

ಚುಕ್ಕಿ, ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಬೇಡ. ಓದಿ ಒಲೆಗೆ ಹಾಕು. ಅಪ್ಪನ ಎದೆ ಇನ್ನೊಂದು ಸಲ ಹಿಡಿದರೆ ಯಾವ ಅಂಗಡಿ ಮುಂದೆ ಬಂದು ನಿಲ್ಲಬೇಕು, ಅದೊಂದು ಬರೆ.