ಹಿಂದಿನ ಎರಡೂ ಚಕ್ರ ಕೂಡಿ ಎಳೆದ ಸುದ್ದಿ

ಯಪ್ಪಾ,

ನಿನ್ನ ಗಿರಿಜಾ ಬರೆಯುತ್ತಿದ್ದೇನೆ. ಗ್ಯಾರೇಜಿನ ಬಾಗಿಲಲ್ಲಿ ನೀನು ಕೂಡುತ್ತಿದ್ದ ಹಳೇ ಟ್ರ್ಯಾಕ್ಟರ್ ಸೀಟಿನ ಮೇಲೆಯೇ ಕೂತಿದ್ದೇನೆ. ನೀನಿದ್ದಾಗ ಒಂದು ದಿನವೂ ಅದರ ಮೇಲೆ ಕೂಡಲು ಬಿಡಲಿಲ್ಲ, ಈಗ ಕೇಳುವವರು ಯಾರು? ಹೇಳುವುದು ಬಹಳ ಇದೆ. ಅದರಲ್ಲಿ ಅಳುವಂಥದ್ದು ಕಡಿಮೆ, ಹೆದರಬೇಡ.

ನೀನು ಹೋದ ಮೇಲೆ ಮೊದಲ ಸಲ ಷಟರ್ ಎತ್ತಿದ ಬೆಳಿಗ್ಗೆ ನೆನಪಾಗುತ್ತಿದೆ. ಗ್ಯಾರೇಜಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆಯಲ್ಲವೇ? ನಾನು ಯಾರದೋ ಟ್ರ್ಯಾಕ್ಟರಿನ ಹಿಂದಿನ ಚಕ್ರ ಬಿಚ್ಚಲು ಸುತ್ತಿಗೆ ಏಟು ಹಾಕಿದ್ದೆ ಅಷ್ಟೇ, ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ನಿಲ್ಸು ಬೇ. ಆ ಸಪ್ಪಳ ಕೇಳಿದ್ರ ಅವ್ರ ಅದಾರ ಅನಸ್ತೈತಿ. ಹೊರಗ ಬಂದು ನೋಡಿದ್ರ ನೀ ಇರ್ತಿ." ನಾನಿದ್ದರೆ ಸಾಲದೇ ಎಂದು ಸಿಟ್ಟು ಬಂತು. ಆದರೆ ಅವಳ ಮುಖ ನೋಡಿದ ಮೇಲೆ ಸುತ್ತಿಗೆ ಕೆಳಗಿಟ್ಟೆ. ಅವತ್ತೇ ಅಂದುಬಿಟ್ಟಳು: "ಹಿಡದ ಕೆಲಸ ಮುಗಿಸು. ಆಮ್ಯಾಲ ಬೀಗ ಹಾಕು."

ಬೀಗ ಹಾಕಿ ನಾನೇನು ಮಾಡಲಿ? ಏಳನೇ ಕ್ಲಾಸಿನಿಂದ ನಿನ್ನ ಪಕ್ಕದಲ್ಲಿ ಪಾನಾ ಹಿಡಿದವಳು ನಾನು. ಹೆಣ್ಣುಮಗಳ ಕೈಗೆ ಗ್ರೀಸ್ ಯಾಕೆ ಎಂದ ಅತ್ತೆಯಂದಿರಿಗೆಲ್ಲ ನೀನೇ ಜವಾಬು ಕೊಟ್ಟಿದ್ದೆ. ಆದರೂ ಅವ್ವನ ಮಾತು ಮೀರುವ ಮನಸ್ಸಿಲ್ಲದೆ ಕೈಯಲ್ಲಿದ್ದ ಕೆಲಸ ಒಂದೊಂದೇ ಮುಗಿಸುತ್ತ ಬಂದೆ. ಬೇಕೆಂದೇ ನಿಧಾನ ಮಾಡಿದೆ ಅನ್ನು.

ಕಡೆಯ ಟ್ರ್ಯಾಕ್ಟರ್ ಹೊರಗೆ ಹೋದ ದಿನವೇ ರಾಜುಗಾರು ಬಂದರು. ಅದೇ, ಸಾಲಗುಂದದ ದಾರಿಯ ಆಂಧ್ರದವರ ಕ್ಯಾಂಪಿನಲ್ಲಿ ಅಕ್ಕಿ ಗಿರಣಿ ಇರುವವರು, ಟ್ರ್ಯಾಕ್ಟರ್ ತಂದು ತಂದು ನಿನಗೆ ಗೆಳೆಯರಾದವರು. ಈ ಸಲ ಬಂದದ್ದು ಟ್ರ್ಯಾಕ್ಟರಲ್ಲಿ ಅಲ್ಲ. ಎರಡೇ ಬಾಗಿಲಿನ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಾದ ಜಪಾನಿನ ಹಳೇ ಸ್ಪೋರ್ಟ್ಸ್ ಕಾರು. ತಲೆಗೂದಲು ಪೂರಾ ಬೆಳ್ಳಗಾದ ಮೇಲೆ ಈ ಹುಚ್ಚು ಹಿಡಿದಿದೆ ಮನುಷ್ಯನಿಗೆ! ಲಿಂಗಸುಗೂರಿನ ಹೊರಗೆ ಬೀಳುಭೂಮಿಯಲ್ಲಿ ಬರುವ ಭಾನುವಾರ ಕಾರ್ ಓಟ ಇದೆಯಂತೆ, ಅದರಲ್ಲಿ ಓಡಿಸಬೇಕಂತೆ. "ಡಾಂಬರ್ ಮ್ಯಾಲ ಹುಲಿ ಅಮ್ಮಾ ಇದು. ಮಣ್ಣಿಗಿ ಇಳಿದ್ರ ಒಂದೇ ಚಕ್ರ ತಿರುಗ್ತದ, ಇನ್ನೊಂದು ಸುಮ್ನೆ ಕೂತಿರ್ತದ. ನಿಮ್ಮ ನಾನ್ನ ಇದ್ದಿದ್ರ..." ಎಂದು ತಮ್ಮ ತೆಲುಗಿನಲ್ಲಿ ನಿನ್ನನ್ನು ನೆನೆದು ಅರ್ಧಕ್ಕೇ ನಿಲ್ಲಿಸಿದರು. ಇದಾಗದಿದ್ದರೆ ಹೈದರಾಬಾದಿಗೆ ಒಯ್ಯುತ್ತೇನೆ ಎಂದೂ ಸೇರಿಸಿದರು. ಅವ್ವ ಬಾಗಿಲಲ್ಲೇ ನಿಂತಿದ್ದಳು. "ಇದೊಂದು ಮಾಡು, ಸಾಕು" ಅಂದಳು.

ಗದ್ದೆಯ ರಾಡಿಯಲ್ಲಿ ಟ್ರ್ಯಾಕ್ಟರ್ ಹೂತಾಗ ನೀನು ನನಗೆ ಹೇಳಿಕೊಟ್ಟದ್ದು ಮರೆತಿಲ್ಲ. ತಿರುವಿನಲ್ಲಿ ಹೊರಗಿನ ಎತ್ತು ಹೆಚ್ಚು ನಡೆಯಬೇಕು, ಒಳಗಿನದು ಕಡಿಮೆ. ಚಕ್ರಗಳಿಗೆ ಆ ಸಡಿಲು ಕೊಡುವುದೇ ಡಿಫರೆನ್ಷಿಯಲ್. ಆದರೆ ಒಂದು ಚಕ್ರ ಜಾರಿತೋ, ಇಂಜಿನ್ನಿನ ಬಲವೆಲ್ಲ ಅದರ ಪಾಲು. ಆಗ ಕಾಲಿನಿಂದ ಲಾಕ್ ಒತ್ತಿ ಎರಡನ್ನೂ ಕಟ್ಟಬೇಕು. ಈ ಕಾರಿನಲ್ಲಿ ಒತ್ತುವ ಕೆಲಸವೇ ಇಲ್ಲ ಯಪ್ಪಾ. ಡಿಫರೆನ್ಷಿಯಲ್ ಒಳಗೆ ತೆಳ್ಳನೆಯ ಪ್ಲೇಟುಗಳನ್ನು ಒಂದರ ಮೇಲೊಂದು ಜೋಡಿಸಿದ್ದಾರೆ. ಒಂದು ಚಕ್ರ ಜಾರಿದ ಕೂಡಲೇ ಅವು ತಾವಾಗಿ ಬಿಗಿದು ಇನ್ನೊಂದು ಚಕ್ರಕ್ಕೂ ಬಲ ಕೊಡುತ್ತವೆ. ಲಿಮಿಟೆಡ್ ಸ್ಲಿಪ್ ಅನ್ನುತ್ತಾರೆ. ನೀನು ನೋಡಿದ್ದರೆ ಅವತ್ತು ಊಟ ಬಿಡುತ್ತಿದ್ದೆ.

ಜಾಕ್ ಕೊಟ್ಟು ಹಿಂಭಾಗ ಎತ್ತಿ ಒಂದು ಚಕ್ರ ಕೈಯಿಂದ ತಿರುಗಿಸಿದೆ. ಎರಡೂ ಒಂದೇ ಕಡೆ ತಿರುಗಬೇಕಿತ್ತು, ಇನ್ನೊಂದು ಉಲ್ಟಾ ತಿರುಗಿತು. ಬಿಚ್ಚಿದರೆ ಪ್ಲೇಟುಗಳು ಸವೆದು ನುಣ್ಣಗೆ ಹೊಳೆಯುತ್ತಿದ್ದವು. ರಾಜುಗಾರು ಹೈದರಾಬಾದಿನಿಂದ ಹೊಸ ಸೆಟ್ ತರಿಸಿದರು. ಹಳೆಯದಕ್ಕಿಂತ ಪ್ಲೇಟು ಹೆಚ್ಚು, ಹಿಡಿತ ಬಿಗಿ, ಓಟಕ್ಕೆಂದೇ ಮಾಡಿದ್ದು. ಅಳತೆ ನೋಡಿ ನೋಡಿ ಕೂಡಿಸಿದೆ. ಮತ್ತೆ ಎತ್ತಿ ತಿರುಗಿಸಿದರೆ ಎರಡೂ ಚಕ್ರ ಜೊತೆಯಾಗಿ ತಿರುಗಿದವು. ಒಬ್ಬಳೇ ನಿಂತು ನಕ್ಕೆ.

ಆ ನಗು ರಸ್ತೆಗೆ ಇಳಿಯುವವರೆಗೆ ಮಾತ್ರ. ಮೊದಲ ತಿರುವಿನಲ್ಲೇ ಹಿಂದಿನಿಂದ ಕಟಕಟ, ಕಟಕಟ. ನಮ್ಮ ಕಸುಬಿನಲ್ಲಿ ಹಿಂದೆ ಸಪ್ಪಳ ಬಂದರೆ ಏನು ಮಾಡುತ್ತೇವೆ? ಬಿಚ್ಚುತ್ತೇವೆ. ಬಿಚ್ಚಿದೆ. ಎಲ್ಲ ಸರಿಯಿತ್ತು. ಕೂಡಿಸಿದೆ, ಕಟಕಟ. ಮತ್ತೆ ಬಿಚ್ಚಿದೆ. ಶುಕ್ರವಾರ ಬಂತು, ನನ್ನ ಕಣ್ಣಲ್ಲಿ ನೀರೂ ಬಂತು. ಗೋಡೆಯ ಆಚೆ ಅವ್ವ ಪಾತ್ರೆ ಕುಕ್ಕುತ್ತಿದ್ದಳು. ಕಡೆಗೆ ಪ್ಲೇಟು ಕೊಟ್ಟ ಅಂಗಡಿಯವನಿಗೇ ಫೋನ್ ಹಚ್ಚಿದೆ. ಯಾವ ಎಣ್ಣೆ ಹಾಕಿದ್ದೀರಿ ಅಂದ. ಯಾವುದು ಹಾಕಿರುತ್ತೇನೆ ಹೇಳು? ಮೂಲೆಯಲ್ಲಿರುವ ನಿನ್ನ ಡ್ರಮ್ಮಿನ ಗೇರ್ ಎಣ್ಣೆ! ಈ ಗ್ಯಾರೇಜಿನಲ್ಲಿ ಯಾವ ಗಾಡಿ ಬಂದರೂ ಅದೇ ಅಲ್ಲವೇ ತೀರ್ಥ? ಅವನು ನಕ್ಕ ನಗುವಿಗೆ ಫೋನ್ ಕಿವಿಯಿಂದ ದೂರ ಹಿಡಿದೆ. ಆ ಪ್ಲೇಟುಗಳಿಗೆ ಬೇರೆ ಎಣ್ಣೆ ಬೇಕಂತೆ, ಇಲ್ಲದಿದ್ದರೆ ತಿರುವಿನಲ್ಲಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಹಲ್ಲು ಕಡಿಯುತ್ತವಂತೆ. ಆ ಎಣ್ಣೆ ಹಾಕಿ, ಬಯಲಿನಲ್ಲಿ ಎಂಟರ ಅಂಕಿಯ ಹಾಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನಿಧಾನ ತಿರುಗಿಸುತ್ತಿರಬೇಕಂತೆ, ಪ್ಲೇಟು ಪಳಗುವ ತನಕ.

ಅವನು ರಾತ್ರಿ ಬಸ್ಸಿಗೆ ಕಳಿಸಿದ ಎಣ್ಣೆ ಹಾಕಿದೆ. ಶನಿವಾರ ರಾಜುಗಾರ ಗಿರಣಿಯ ಕಣದಲ್ಲಿ, ಒಣಹಾಕಿದ ಭತ್ತದ ರಾಶಿಗಳ ನಡುವೆ, ಆ ಕಾರು ಎತ್ತಿನ ನಡಿಗೆಯಲ್ಲಿ ತಿರುಗತೊಡಗಿತು. ಹಮಾಲರು ಚೀಲ ಕೆಳಗಿಟ್ಟು ನಿಂತರು. "ಕಾರಿಲೇ ಹಂತಿ ಹೊಡ್ಯಾಕತ್ತಾರೋ" ಎಂದು ಒಬ್ಬ ಕೂಗಿದ, ಇನ್ನೊಬ್ಬ ಎತ್ತು ಸುತ್ತಿಸಿ ಕಣ ತುಳಿಸುವಾಗ ಹಾಡುವ ಹಂತಿ ಪದ ಎತ್ತಿಯೇಬಿಟ್ಟ. ಅಷ್ಟರಲ್ಲಿ ಅವ್ವ ನನಗೆ ರೊಟ್ಟಿ ಬುತ್ತಿ ತಂದಳು. "ಕೂಡ್ರಮ್ಮಾ" ಎಂದು ರಾಜುಗಾರು ಬಾಗಿಲು ತೆರೆದರು. ಒಲ್ಲೆ ಒಲ್ಲೆ ಅನ್ನುತ್ತಲೇ ಕೂತಳು. ತವರೂರು ಪಾಮನಕಲ್ಲೂರಿನಲ್ಲಿ ಜೋಳದ ಕಣ ತುಳಿಸಿದ ಹೆಣ್ಣುಮಗಳು, ಸುಮ್ಮನಿರುತ್ತಾಳೆಯೇ? ಹೀಗೆ ಹೊಳ್ಳಿಸ್ರಿ, ಹಾಗೆ ಹೊಳ್ಳಿಸ್ರಿ ಎಂದು ಶುರುವಾಯಿತು. ಹಮಾಲರ ಪದದಲ್ಲಿ ಒಂದು ನುಡಿ ತಪ್ಪಿತಂತೆ, ಕಿಟಕಿಯಿಂದ ತಲೆ ಹೊರಹಾಕಿ ತಾನೇ ಹಾಡಿ ತಿದ್ದಿದಳು. ಯಪ್ಪಾ, ನೀನು ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ಅವತ್ತೇ ನೋಡಿದ್ದು. ಎಷ್ಟು ಸುತ್ತಾದವೋ, ಫಕ್ಕನೆ ಕೈ ಎತ್ತಿದಳು. "ತಡೀರಿ. ಸಪ್ಪಳ ನಿಂತೈತಿ." ನಿಜ, ನಿಂತಿತ್ತು. ನನಗಿಂತ ಮೊದಲು ಅವಳಿಗೆ ಕೇಳಿಸಿತ್ತು.

ಭಾನುವಾರ ಅವಳೇ ಮೊದಲು ಸೀರೆ ಉಟ್ಟು ನಿಂತಿದ್ದಳು. ಮಸ್ಕಿಯಲ್ಲಿ ಚಹಾಕ್ಕೆ ನಿಂತಾಗ ಇಳಿದು ಹಿಂದಿನ ಚಕ್ರ ಮುಟ್ಟಿ ನೋಡಿದಳು, ಏನು ತಿಳಿಯಿತೋ. ಲಿಂಗಸುಗೂರಿನಲ್ಲಿ ಧೂಳೇಳದಿರಲೆಂದು ದಾರಿಗೆ ನೀರು ಹೊಡೆದು ಒಂದು ತಿರುವನ್ನು ಪೂರ್ತಿ ರಾಡಿ ಮಾಡಿಟ್ಟಿದ್ದರು. ಬಂದ ಕಾರುಗಳೆಲ್ಲ ಅಲ್ಲಿ ಒಂಟಿ ಚಕ್ರ ತಿರುಗಿಸಿ ಜನರ ಮೈಗೆ ಕೆಸರು ಎರಚಿ ನಿಂತವು. ನಮ್ಮದು ಬಂತು. ಬಾಲ ಒಮ್ಮೆ ಆಡಿಸಿತು, ಎರಡೂ ಚಕ್ರ ನೆಲ ಕಚ್ಚಿದವು, ಎಳೆದುಕೊಂಡು ಹೋಯಿತು. ಹೋಗಿಯೇಬಿಟ್ಟಿತು! ನಾನು ಅವ್ವನ ಕೈ ಹಿಡಿದಿದ್ದೆನೋ, ಅವಳು ನನ್ನದು ಹಿಡಿದಿದ್ದಳೋ... ರಾಜುಗಾರು ಗೆಲ್ಲಲಿಲ್ಲ ಬಿಡು. ಕಡೆಯ ಸುತ್ತಿನಲ್ಲಿ ಜನರಿಗೆ ಕೈ ಬೀಸಲು ಹೋಗಿ ದಾರಿ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿದರು. ಅಲ್ಲಿಂದಲೂ ತಾವೇ ಓಡಿಸಿಕೊಂಡು ಹೊರಬಂದರು, ಅದೂ ನಮ್ಮ ಪ್ಲೇಟುಗಳ ಹಿಡಿತವೇ.

ಓಟ ಮುಗಿದ ಮೇಲೆ ರಾಡಿಯಲ್ಲಿ ಸಿಕ್ಕಿದ್ದ ಕಾರಿನವನೊಬ್ಬ ಬಂದು ಬಗ್ಗಿ ನಮ್ಮ ಕಾರಿನ ಹಿಂಭಾಗ ನೋಡಿದ. "ಎಲ್ಲಿ ಮಾಡಿಸೀರಿ ಇದನ್ನ?" ಅಂದ. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅಂದಳು: "ಸಿಂಧನೂರಾಗ, ನಮ್ಮ ಗ್ಯಾರೇಜಿನಾಗ. ನನ್ನ ಮಗಳು ಮಾಡ್ಯಾಳ. ಈ ವಾರದಾಗ ತಗೊಂಡ್ ಬಾ. ಅಮಾಸಿ ದಿನ ಮಾತ್ರ ಬರಬ್ಯಾಡ, ಬಂದ್ ಇರ್ತೈತಿ." ನಾನು ಅವಳ ಮುಖ ನೋಡಿದೆ, ಅವಳು ತೊಗರಿ ಹೊಲ ನೋಡಿದಳು. "ಮತ್ತ ಬೀಗ?" ಎಂದು ಮೆಲ್ಲಗೆ ಕೇಳಿದೆ. "ಯಾವ ಬೀಗ?" ಅಂದಳು.

ಅವನ ಕಾರು ಈಗಷ್ಟೇ ಬಂದು ಬಾಗಿಲಲ್ಲಿ ನಿಂತಿದೆ. ಅವ್ವ ಅವನಿಗೆ ಚಹಾ ಕೊಟ್ಟು, ಅದರ ಹಿಂಭಾಗಕ್ಕೆ ಏನಾಗಿದೆ ಎಂದು ಕೈ ಆಡಿಸಿ ವಿವರಿಸುತ್ತಿದ್ದಾಳೆ. ಪೂರ್ತಿ ತಪ್ಪು ಹೇಳುತ್ತಿದ್ದಾಳೆ ಯಪ್ಪಾ. ನಾನು ಹೋಗಬೇಕು.

ನಿನ್ನ
ಗಿರಿಜಾ