ಕೆಂಪು ಪೆನ್ಸಿಲಿನ ನಕ್ಷೆ

ಶಿರವಾಡ, ಕಾರವಾರ
೧೦ ಮೇ ೨೦೨೫, ಶನಿವಾರ ಮಧ್ಯಾಹ್ನ

ಪ್ರೀತಿಯ ರಕ್ಷಿತಾ,

ನಿನ್ನ ಆಯಿಯ ಆಶೀರ್ವಾದ. ಫೋನು ಇರುವಾಗ ಇವಳು ಕಾಗದ ಬರೆಯಲು ಯಾಕೆ ಕೂತಳು ಎಂದು ನೀನು ನಗಬಹುದು. ನಗು, ಆದರೆ ಓದಿದ ಮೇಲೆ ನನಗೆ ಫೋನ್ ಮಾಡಬೇಡ. ನನ್ನ ಫೋನನ್ನು ಬಂದ್ ಮಾಡಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ. ಪಕ್ಕದ ಮನೆಯ ಹೀರಾ ನಾಳೆ ಬೆಳಿಗ್ಗೆ ನಿಮ್ಮೂರು ಅವರ್ಸಾದಲ್ಲಿರುವ ತವರಿಗೆ ಬರುತ್ತಾಳೆ. ಅವಳ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಹಪ್ಪಳದ ಹದ ಬರೆದುಕೊಟ್ಟಿದ್ದೇನೆ ಎಂದು ಅವಳಿಗೆ ಹೇಳಿದ್ದೇನೆ, ಕೇಳಿದರೆ ನೀನೂ ಹಾಗೆಯೇ ಹೇಳು.

ಮೊದಲೇ ಒಂದು ಮಾತು. ಈ ಕಾಗದವನ್ನು ನಿನ್ನ ಗಂಡ ಗುರುಪ್ರಸಾದರಿಗೆ ತೋರಿಸಬೇಡ. ನೌಕಾನೆಲೆಯೊಳಗೆ ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ಇಲೆಕ್ಟ್ರಿಶಿಯನ್ ಕೆಲಸ ಮಾಡಿ, ಮೊನ್ನೆ ಮಾರ್ಚಿನಲ್ಲಷ್ಟೇ ಕಾಯಂ ಆದವರು. ನಮ್ಮ ಮನೆಯ ರಗಳೆ ಅವರ ತಲೆಗೆ ಬೇಡ. ಇದು ನಿನ್ನ ಅಪ್ಪನ ವಿಷಯ, ಅಪ್ಪನಲ್ಲೇ ಮುಗಿಯಲಿ.

ನನಗೆ ಹೆದರಿಕೆಯಾಗಿದೆ ಮಗಾ. ಸುತ್ತಿ ಬಳಸಿ ಹೇಳಲು ಈಗ ಧೈರ್ಯವಿಲ್ಲ. ನಾಲ್ಕು ದಿನದಿಂದ ಟಿವಿಯಲ್ಲಿ ಯುದ್ಧದ್ದೇ ಸುದ್ದಿ. ಸೈರನ್ ಕೂಗಿದರೆ ದೀಪ ಆರಿಸಬೇಕಂತೆ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಬೇಕಂತೆ ಎಂದು ಪೇಟೆಯಲ್ಲೆಲ್ಲ ಮಾತು. ಊರಿನವರೆಲ್ಲ ಆಕಾಶ ನೋಡಿ ಹೆದರುತ್ತಿದ್ದಾರೆ. ನಾನು ಗೇಟು ನೋಡಿ ಹೆದರುತ್ತಿದ್ದೇನೆ. ನಿನ್ನೆ ಗ್ಯಾಸಿನವನು ಬಂದು ಚಿಲಕ ಬಡಿದಾಗ ಕೈಯಲ್ಲಿದ್ದ ಸಾರಿನ ಪಾತ್ರೆ ಕೆಳಗೆ ಬಿತ್ತು. ಅಪ್ಪನೂ ಆಗಲೇ ಕುರ್ಚಿಯಿಂದ ಎದ್ದು ನಿಂತಿದ್ದರು.

ಶುರುವಾದದ್ದು ಫೆಬ್ರವರಿಯಲ್ಲಿ. ವಿಜೇತಾ ಎನ್ನುವ ಹುಡುಗಿ ನನ್ನ ಫೋನಿಗೆ ಸಂದೇಶ ಕಳಿಸಿದಳು. ಪುಣೆಯ ಕಾಲೇಜೊಂದರ ಹೆಸರು ಹೇಳಿ, ಅಲ್ಲಿ ಸಂಶೋಧನೆ ಮಾಡುತ್ತಿದ್ದೇನೆ ಎಂದಳು. ಯುದ್ಧದಲ್ಲಿ ನೆಲ ಕಳೆದುಕೊಂಡ ದೇಶಗಳು ಮುಂದಿನ ಐವತ್ತು ವರ್ಷಗಳಲ್ಲಿ ಬಡವಾಗುತ್ತವೆಯೋ, ಇಲ್ಲ ಸುಧಾರಿಸುತ್ತವೆಯೋ ಎನ್ನುವುದು ಅವಳ ವಿಷಯವಂತೆ. ದೇಶದ ಕಥೆ ಪುಸ್ತಕದಲ್ಲಿ ಸಿಗುತ್ತದೆ, ದೇಶಕ್ಕಾಗಿ ನೆಲ ಬಿಟ್ಟುಕೊಟ್ಟ ಒಂದು ಊರಿನ ಕಥೆ ಎಲ್ಲೂ ಸಿಗುವುದಿಲ್ಲ, ಶಾಂತಾರಾಮ ಮಾಸ್ತರರು ಎಲ್ಲ ಬರೆದಿಟ್ಟಿದ್ದಾರೆಂದು ಕೇಳಿದ್ದೇನೆ, ಸ್ವಲ್ಪ ಸಹಾಯ ಮಾಡಿ ಎಂದು ಕನ್ನಡದಲ್ಲಿ, ನಡುನಡುವೆ ಕೊಂಕಣಿ ಸೇರಿಸಿ, ಬಹಳ ಮರ್ಯಾದೆಯಿಂದ ಬರೆದಿದ್ದಳು. ನನ್ನನ್ನು ಎರಡನೇ ದಿನಕ್ಕೇ ಆಯಿ ಎಂದು ಕರೆದಳು.

ನಿನ್ನ ಅಪ್ಪನ ಮುಖ ನೀನು ನೋಡಬೇಕಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ, ಮಕ್ಕಳು ಆಕಳಿಸುವುದನ್ನು ನೋಡಿಯೇ ನಿವೃತ್ತರಾದವರು. ಮನೆಯಲ್ಲಿ ನಾನೂ ಆಕಳಿಸಿದ್ದೇನೆ, ಸುಳ್ಳು ಯಾಕೆ. ಅವತ್ತು ನನ್ನನ್ನು ಅಡುಗೆಮನೆಯಿಂದ ಕರೆದು ಹೇಳಿದರು, "ಇಷ್ಟು ವರ್ಷದಲ್ಲಿ ಒಬ್ರೂ ಕೇಳ್ಲಿಲ್ಲ ಜಯಂತಿ. ಈ ಹುಡ್ಗಿ ಕೇಳ್ತದೆ ನೋಡು."

ಕೈ ನಡುಗುವುದರಿಂದ ಅವರಿಗೆ ಫೋನಿನಲ್ಲಿ ಬರೆಯಲಾಗುವುದಿಲ್ಲ. ಅವರು ಹೇಳಿದರು, ನಾನು ಬರೆದೆ. ನೀನು ಕಲಿಸಿಕೊಟ್ಟ ಕನ್ನಡ ಟೈಪಿಂಗು ಅದಕ್ಕೇ ಬಂತು. ದೇಶ ಒಡೆದಾಗ ಸೆಣಬಿನ ಗಿರಣಿ ನಮ್ಮ ಕಡೆ ಉಳಿದು ಸೆಣಬು ಬೆಳೆಯುವ ಗದ್ದೆ ಆಚೆ ಹೋಯಿತು, ಹತ್ತಿಯ ಒಳ್ಳೆಯ ನೆಲ ಹೋಯಿತು, ಕರಾಚಿಯಂಥ ಬಂದರು ಹೋಯಿತು. ಹೋದದ್ದನ್ನೆಲ್ಲ ದೇಶ ಮತ್ತೆ ಕಟ್ಟಬೇಕಾಯಿತು, ಎಷ್ಟೋ ವರ್ಷದ ದುಡಿತ ಅದಕ್ಕೇ ಹೋಯಿತು. ಆಮೇಲಿನ ಯುದ್ಧಗಳು ಹಡಗುಗಳನ್ನೆಲ್ಲ ಒಂದೇ ಕಡೆ ನಿಲ್ಲಿಸಬಾರದು ಎನ್ನುವ ಬುದ್ಧಿ ಕಲಿಸಿದವು. ದೂರದ, ಆಳದ, ಗುಡ್ಡದ ಮರೆಯ ಕಡಲು ಬೇಕಾಯಿತು, ಹುಡುಕಿದಾಗ ನಮ್ಮೂರು ಸಿಕ್ಕಿತು, ನೌಕಾನೆಲೆಗೆಂದು ನಮ್ಮನ್ನೆಲ್ಲ ಅಲ್ಲಿಂದ ಎಬ್ಬಿಸಿದರು. ಇದೆಲ್ಲ ಅಪ್ಪನ ಲೆಕ್ಕಾಚಾರ, ನೀನು ಊಟದ ಹೊತ್ತಿಗೆ ನೂರು ಸಲ ಕೇಳಿದ್ದೀಯ.

ಆದರೆ ನೀನು ಕೇಳದ್ದೂ ಇತ್ತು. ನಮ್ಮೂರಿನ ಒಂದೊಂದು ಮನೆ ಆಮೇಲೆ ಏನಾಯಿತು ಎಂದು ಅವರು ಒಂದು ವಹಿಯಲ್ಲಿ ಬರೆದಿದ್ದರು. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಭತ್ತ ಬೆಳೆದು, ಅಂಗಡಿಯಿಂದ ಅಕ್ಕಿ ಕೊಂಡೇ ಗೊತ್ತಿಲ್ಲದ ಕುಪ್ಪ, ಕೋಡಿಬಾಗದ ಕಟ್ಟಡವೊಂದಕ್ಕೆ ಕಾವಲುಗಾರನಾಗಿ ಸತ್ತ. ಅವನ ಮಗ ಮಾತ್ರ ಲಾರಿ ಮಾಡಿಕೊಂಡು ನೌಕಾನೆಲೆಯ ಕೆಲಸದಲ್ಲೇ ಉದ್ಧಾರವಾದ. ದೋಣಿಯಿದ್ದ ಮಧುಕರನ ಮನೆಯಲ್ಲಿ ಇವತ್ತು ಯಾರಿಗೂ ಹುಟ್ಟು ಹಿಡಿಯಲು ಬರುವುದಿಲ್ಲ, ಮೊಮ್ಮಕ್ಕಳೆಲ್ಲ ಸಂಬಳದವರು. ಒಂದು ತಲೆಮಾರು ಪೂರಾ ಸೋತಿತು, ಮುಂದಿನದಕ್ಕೆ ಸಂಬಳ ಬಂತು, ದೇಶಕ್ಕೆ ಆದದ್ದೂ ಹೆಚ್ಚುಕಡಿಮೆ ಇದೇ ಎಂದು ಬರೆಸಿದರು. ನಿನ್ನ ಅಪ್ಪ ದೇಶದ ಮೇಲೆ ಸಿಟ್ಟು ಇಟ್ಟುಕೊಂಡವರಲ್ಲ ಎಂಬುದು ನಿನಗೆ ಗೊತ್ತು. ಅದನ್ನು ಯಾರಾದರೂ ಕೇಳಿದರೆ ನೀನು ಹೇಳಬೇಕು.

ಈಗ ನಕ್ಷೆಯ ವಿಷಯ. ಪರಿಹಾರದ ಕೇಸಿಗೆಂದು ಅಪ್ಪ ನಮ್ಮೂರಿನ ನಕ್ಷೆ ಬರೆದದ್ದು ನಿನಗೆ ನೆನಪಿರಬೇಕು. ಬಾವಿ, ಕಟ್ಟೆ, ಗುಡ್ಡ ಹತ್ತುವ ಕಾಲುದಾರಿ, ಮಳೆಗಾಲದಲ್ಲಿ ದೋಣಿ ಎಳೆಯುವ ಜಾಗ, ಇಳಿತದ ಹೊತ್ತಿಗೆ ಮೊಣಕಾಲು ನೀರಲ್ಲಿ ದಾಟಬಹುದಾದ ಕೊರಕಲು, ಎಲ್ಲ ಇದೆ ಅದರಲ್ಲಿ. ಕೇಸು ಮುಗಿದ ಮೇಲೂ ಅವರು ಅದನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆ ನಮ್ಮ ದೇವರ ಪೂಜೆಗೆಂದು ಪಾಸು ಕೊಟ್ಟು ನೌಕಾನೆಲೆಯ ಒಳಗೆ ಬಿಡುತ್ತಾರಲ್ಲ, ಗೇಟಿನಲ್ಲಿ ಫೋನು ತೆಗೆದಿಟ್ಟುಕೊಂಡು, ಬಸ್ಸಿನಲ್ಲಿ ಕೂರಿಸಿ, ಜೊತೆಗೆ ಕಾವಲಿನವರು. ಎಲ್ಲರೂ ಕಿಟಕಿಯಿಂದ ನೋಡುವುದು ಒಂದೇ, ನಮ್ಮ ಮನೆ ಇದ್ದದ್ದು ಇಲ್ಲೋ ಅಲ್ಲೋ ಎಂದು. ಅಪ್ಪ ಮನೆಗೆ ಬಂದು, ಕೈಕಾಲು ತೊಳೆದು, ಪ್ರಸಾದ ತಿನ್ನುವ ಮೊದಲೇ ನಕ್ಷೆ ಬಿಡಿಸಿ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಕುಪ್ಪನ ಗದ್ದೆಯಲ್ಲಿ ಈಗ ಎಣ್ಣೆಯ ಟ್ಯಾಂಕು. ಶಾಲೆಯ ಅಂಗಳದಲ್ಲಿ ಎತ್ತರದ ಕಂಬ, ಮೇಲೆ ಏನೋ ತಿರುಗುತ್ತದೆ. ಹೀಗೆ ಎಷ್ಟೋ ವರ್ಷ. ಅವರಿಗೆ ಅದು ಸತ್ತವರ ಫೋಟೋಕ್ಕೆ ಹೂವು ಹಾಕಿದ ಹಾಗೆ. ನನಗೂ ಹಾಗೇ ಕಂಡಿತ್ತು.

ಅವಳು ಆ ನಕ್ಷೆ ಕೇಳಿದಳು. ಹಳೆಯ ಊರಿನ ಮೇಲೆ ಹೊಸದು ಹೇಗೆ ಕೂತಿದೆ ಎಂದು ನೋಡಬೇಕು ಎಂದಳು. ನಾನು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಅಡಿಕೆ ಡಬ್ಬಿ, ಲೋಟ ಇಟ್ಟು ಫೋಟೋ ತೆಗೆದು ಕಳಿಸಿದೆ. ಚೆನ್ನಾಗಿ ಬರಲಿಲ್ಲವೆಂದು ಬಿಸಿಲಿಗೆ ಒಯ್ದು ಮತ್ತೊಮ್ಮೆ ತೆಗೆದೆ.

ಆಮೇಲೆ ಪ್ರಶ್ನೆಗಳ ಒಂದು ಪಟ್ಟಿ ಬಂತು. ಮನೆಯವರಿಗೆ ನೌಕಾನೆಲೆಯಲ್ಲಿ ಕೆಲಸ ಸಿಕ್ಕಿದೆಯೇ, ಯಾರಿಗೆ, ಯಾವ ಕಡೆ ಎಂದು ಅದರಲ್ಲಿತ್ತು. ಅಳಿಯಂದಿರ ಹೆಸರು ಬರೆಯುವುದು ಬೇಡ ಎಂದು ಅಪ್ಪ ಹೇಳಿದರು. ಬರೆಯಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಪೇಪರಿನಲ್ಲಿ ಸಣ್ಣ ಸುದ್ದಿ ಓದಿದೆ. ಎಲ್ಲೋ ಒಬ್ಬ ಕೂಲಿ ಕೆಲಸದವನು ಫೋನಿನಲ್ಲಿ ಪರಿಚಯವಾದ ಹೆಂಗಸಿಗೆ ಬಂದರಿನ ವಿಷಯ ಕಳಿಸಿ ಸಿಕ್ಕಿಬಿದ್ದಿದ್ದ. ಆ ಹೆಂಗಸು ಹೆಂಗಸೇ ಅಲ್ಲ, ಗಡಿಯಾಚೆಯ ಯಾರೋ. ಪುಣೆಯಲ್ಲಿರುವ ನಿನ್ನ ಗೆಳತಿ ಅನಘಾಳಿಗೆ ಹೀರಾಳ ಫೋನಿನಿಂದ ಕೇಳಿದೆ. ಅವಳು ಆ ಕಾಲೇಜಿಗೇ ಹೋಗಿ ವಿಚಾರಿಸಿದಳು, ಪಾಪ. ಆ ಹೆಸರಿನವರು ಯಾರೂ ಇಲ್ಲ.

ಅಪ್ಪನಿಗೆ ಹೇಳಿದ ದಿನ ಅವರು ನಂಬಲಿಲ್ಲ. ಹುಡುಗಿ ಬೇರೆ ಕಾಲೇಜಿನವಳಿರಬೇಕು ಎಂದರು. ಮಾರನೇ ದಿನ ವಹಿಯನ್ನು ಒಲೆಗೆ ಹಾಕಿದರು. ನಕ್ಷೆಯನ್ನೂ ಹಾಕಲು ಹೋದರು, ನಾನು ಕೈ ಹಿಡಿದೆ. ಸುಟ್ಟರೆ ನಾವು ಕಳ್ಳರಾಗುತ್ತೇವೆ ಎಂದೆ. ಆಗ ಅವರು ಹೇಳಿದ ಮಾತು ನನ್ನ ಎದೆಯಿಂದ ಹೋಗುತ್ತಿಲ್ಲ. "ನೆಲ ಕೊಟ್ಟವ ನಾನೇ, ಈಗ ಅದ್ರ ದಾರಿ ತೋರ್ಸಿಕೊಟ್ಟವನೂ ನಾನೇ ಆದೆ, ಅಲ್ದಾ?" ಅಂದಿನಿಂದ ಅವರು ಸರಿಯಾಗಿ ಉಂಡಿಲ್ಲ.

ಮೊನ್ನೆಯಿಂದ ನನಗೆ ಆ ಕೊರಕಲೇ ಕಣ್ಣಿಗೆ ಬರುತ್ತದೆ. ಇಳಿತದ ನೀರಿನಲ್ಲಿ ಯಾರೋ ನಡೆದು ಬಂದ ಹಾಗೆ. ಒಳಗೆ ಎಷ್ಟು ಮನೆಯ ಮಕ್ಕಳು ಕೆಲಸ ಮಾಡುತ್ತಾರೆ. ನಾನು ಬಿಸಿಲಿಗೆ ಒಯ್ದು ತೆಗೆದ ಫೋಟೋದಿಂದ ಅವರಲ್ಲಿ ಒಬ್ಬರಿಗೆ ಏನಾದರೂ ಆದರೆ ನಾನು ಹೇಗೆ ಬದುಕಲಿ?

ಸೋಮವಾರ ನಾವಿಬ್ಬರೂ ಠಾಣೆಗೆ ಹೋಗಿ ಹೇಳುವುದೆಂದು ಮಾತಾಗಿದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೆಗೆದಿಟ್ಟಿದ್ದಾರೆ. ನಮ್ಮನ್ನು ಅಲ್ಲೇ ಇರಿಸಿಕೊಂಡರೆ ಮನೆಯ ಕೀಲಿ ಹೀರಾಳ ಹತ್ತಿರ ಇರುತ್ತದೆ, ಅಪ್ಪನ ಬಿಪಿ ಗುಳಿಗೆ ದೇವರ ಗೂಡಿನ ಕೆಳಗಿದೆ. ನೀನು ಓಡಿ ಬರಬೇಡ. ನಿನ್ನ ಗಂಡನಿಗೆ ಏನೂ ಗೊತ್ತಿಲ್ಲ, ಅವರ ಹೆಸರು ಎಲ್ಲೂ ಇಲ್ಲ, ಹಾಗೇ ಇರಲಿ.

ಇಂತಿ ನಿನ್ನ ಹೆದರುಪುಕ್ಕಲಿ ಆಯಿ,
ಜಯಂತಿ

ತಾ.ಕ.: ಭಾನುವಾರ ಬೆಳಿಗ್ಗೆ, ಆರು ಗಂಟೆ. ಹೀರಾ ಸೀರೆ ಉಡುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ಯುದ್ಧ ನಿಂತಿತು ಎಂದು ಟಿವಿಯಲ್ಲಿ ಹೇಳಿದರು. ಅಪ್ಪ ಮೊದಲ ಸಲ ಎರಡು ತುತ್ತು ಉಂಡು, ಇನ್ನು ಠಾಣೆಗೆ ಹೋಗುವುದು ಯಾಕೆ ಎಂದರು. ನನಗೂ ಹಾಗೇ ಅನಿಸಿತು. ಸಮಾಧಾನದಿಂದ ಫೋನು ತೆಗೆದೆ. ಅವಳ ಸಂದೇಶ ಬಂದಿತ್ತು. "ಆಯಿ, ಎಲ್ಲ ಒಳ್ಳೆಯದಾಯಿತಲ್ಲ. ಗುರುಪ್ರಸಾದ ಭಾವನಿಗೆ ಈ ವಾರವೂ ರಾತ್ರಿ ಪಾಳಿಯೇ?"

ಬರೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು ಮಗಾ. ಅವರು ಕಾಯಂ ಆದ ವಾರ, ಅಪ್ಪ ಮಧ್ಯಾಹ್ನ ಮಲಗಿದ್ದಾಗ ನಾನೇ ಬರೆದೆ. ಅಷ್ಟೆಲ್ಲ ಹೋದ ಮೇಲೆ ನಮ್ಮ ಮನೆಗೆ ವಾಪಸು ಬಂದದ್ದು ಅದೊಂದೇ ನೌಕರಿ, ಹೇಳಿಕೊಳ್ಳಬೇಕೆನಿಸಿತು. ಹೆಸರು, ಹಡಗು ನಿಲ್ಲುವ ಯಾವ ಧಕ್ಕೆಯಲ್ಲಿ ಕೆಲಸ, ದೊಡ್ಡ ಹಡಗು ಬಂದಾಗ ಎರಡೆರಡು ರಾತ್ರಿ ಅಲ್ಲೇ ಉಳಿಯುತ್ತಾರೆ ಎನ್ನುವುದು, ಅವರು ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡಿದ್ದ, ನೀನು ಕಳಿಸಿದ ಫೋಟೋ, ಎಲ್ಲ ಕಳಿಸಿದೆ. ಅಪ್ಪನಿಗೆ ಇದು ಈಗಲೂ ಗೊತ್ತಿಲ್ಲ.

ಅವರಿಗೆ ತೋರಿಸಬೇಡ ಎಂದದ್ದನ್ನು ಮರೆತುಬಿಡು. ಈಗಲೇ ಎಬ್ಬಿಸಿ ಇದನ್ನು ಅವರ ಕೈಗೆ ಕೊಡು. ತಾವಾಗಿ ಹೋಗಿ ತಮ್ಮ ಅಧಿಕಾರಿಗೆ ಹೇಳಲಿ. ನಾನು ಸೋಮವಾರದವರೆಗೆ ಕಾಯುವುದಿಲ್ಲ, ಇವತ್ತು ಹನ್ನೊಂದು ಗಂಟೆಗೆ ಒಬ್ಬಳೇ ಠಾಣೆಗೆ ಹೋಗುತ್ತೇನೆ. ನಿನ್ನ ಗಂಡ ನನ್ನನ್ನು ಕ್ಷಮಿಸಬೇಕೆಂದಿಲ್ಲ, ನನಗಿಂತ ಮೊದಲು ಹೋಗಿ ಹೇಳಿದರೆ ಸಾಕು.