ಪಾದದ ಮೇಲಿನ ಮೊಟ್ಟೆ

ಮುನವಳ್ಳಿ
20 ಆಗಸ್ಟ್ 2025, ಬುಧವಾರ

ಪ್ರೀತಿಯ ತಮ್ಮ ನಾಸಿರನಿಗೆ ಅಣ್ಣನ ಸಲಾಂ,

ಕಾಲ್ಬೆರಳು ಹತ್ತೂ ಇವೆಯೇ? ಅಂಟಾರ್ಕ್ಟಿಕಾದಲ್ಲಿ ಜನರೇಟರ್ ರಿಪೇರಿ ಮಾಡುವವನಿಗೆ ಮೊದಲು ಇದನ್ನೇ ಕೇಳಬೇಕು. ಇಲ್ಲಿ ಎಲ್ಲರೂ ಕ್ಷೇಮ. ನೀನು ಹೋಗುವಾಗ ತಿಂಗಳ ಕೂಸಾಗಿದ್ದ ನಿನ್ನ ಮಗಳು ಹಿನಾಕೌಸರ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಫೋನಿನಲ್ಲಿ ಮಾತು ತುಂಡಾಗುತ್ತದೆಂದು ಕೈಯಲ್ಲೇ ಬರೆದು ಫೋಟೋ ಕಳಿಸುತ್ತಿದ್ದೇನೆ.

ನೀನು ಪೆಂಗ್ವಿನ್‌ಗಳ ಬಗ್ಗೆ ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೆಸರು ಚಕ್ರವರ್ತಿ ಪೆಂಗ್ವಿನ್, ಇರಲು ಗೂಡೂ ಇಲ್ಲ. ಹೆಣ್ಣು ಒಂದೇ ಮೊಟ್ಟೆಯಿಟ್ಟು, ಅದನ್ನು ಗಂಡಿನ ಪಾದದ ಮೇಲೆ ದಾಟಿಸಿ, ಮೀನಿಗಾಗಿ ಸಮುದ್ರಕ್ಕೆ ನಡೆದುಬಿಡುತ್ತದಂತೆ. ಗಂಡಿನ ಹೊಟ್ಟೆಯ ಚರ್ಮದ ಮಡಿಕೆಯೇ ಮೊಟ್ಟೆಗೆ ಕೌದಿ. ಮಂಜುಗಡ್ಡೆಗೆ ತಾಕಿತೋ, ಮರಿ ಹೋಯಿತು. ಕತ್ತಲೆಯ ಚಳಿಗಾಲವಿಡೀ ಗಂಡುಗಳು ಒತ್ತಿಕೊಂಡು, ಹೊರಗಿನವು ಒಳಗೆ, ಒಳಗಿನವು ಹೊರಗೆ ಸರದಿಯಲ್ಲಿ ಸರಿಯುತ್ತ ನಿಲ್ಲುತ್ತವೆ. ಕಾಲ ಮೇಲೆ ಮೊಟ್ಟೆ, ಎರಡು ತಿಂಗಳು ಖಾಲಿ ಹೊಟ್ಟೆ. ಪ್ರಾಸ ತಾನಾಗಿ ಬಂತು, ನಾನು ಕರೆದಿರಲಿಲ್ಲ. ಕೊನೆಗೆ ನೀನು 'ಅಪ್ಪ ಅಂದ್ರ ಹಿಂಗಿರಬೇಕು' ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ನಿನ್ನ ಹೆಂಡತಿ ಮೆಹೆರಾಜ ಇನ್ನೊಮ್ಮೆ ಓದಿಸಿದಳು.

ಕಾರಣವಿದೆ. ಆಕೆಗೆ ರಾಮದುರ್ಗದ ಕಡೆಯ ಸರಕಾರಿ ಶಾಲೆಯಲ್ಲಿ ನೌಕರಿಯ ಆದೇಶ ಬಂದಿದೆ. ಸೋಮವಾರದೊಳಗೆ ಹಾಜರಾಗದಿದ್ದರೆ ಹೋದಂತೆಯೇ. ಫೆಬ್ರವರಿಯಲ್ಲಿ ನೀನು ಬರುವತನಕ ಕೂಸನ್ನು ಅಮ್ಮ, ನಾನು ಸೇರಿ ನೋಡಿಕೊಳ್ಳಬಹುದು, ಆಮೇಲೆ ನೀನು ಎಂದು ಮೆಹೆರಾಜಳ ಲೆಕ್ಕ. ನೀನೋ ಇನ್ನೊಂದು ವರ್ಷಕ್ಕೆ ಅರ್ಜಿ ಹಾಕುವ ಯೋಚನೆಯಲ್ಲಿದ್ದೀ. ಅಮ್ಮ ಒಪ್ಪಲಿಲ್ಲ. 'ಗಂಡಸು ಕೂಸು ಹಿಡಕೊಂಡು ಕುಂದರೂದು ಯಾ ಊರಾಗ ಐತಿ?' ಎಂದಳು. ಮೆಹೆರಾಜ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, 'ನಿಮ್ಮ ಮಗ ಇರೂ ಊರಾಗ ಐತ್ರಿ, ಅತ್ತಿ' ಎಂದಳು. ಅಮ್ಮ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ: 'ಆ ಹೆಣ್ಣು ಹೊಳ್ಳಿ ಬರತೈತಿ ಹೌದಲ್ಲೋ?' ಬರುತ್ತದೆ, ಸಾವಿರ ಕೂಗುಗಳ ನಡುವೆ ಗಂಡನ ಕೂಗು ಗುರುತಿಸಿ ಬಂದು, ಹೊಟ್ಟೆಯಲ್ಲಿ ತಂದ ಮೀನನ್ನು ಮರಿಗೆ ಉಣಿಸುತ್ತದೆ ಎಂದೆ. ಅರ್ಧ ಕರಗಿದಳು. 'ಹಂಗಾರ ನಾಸಿರ ಏನಂತಾನ ಕೇಳು' ಎಂದಳು.

ಬೆಚ್ಚಗಿರು. ಜೊತೆಯಲ್ಲಿರುವವರಿಗೆಲ್ಲ ನನ್ನ ಸಲಾಂ ಹೇಳು. ಅಲ್ಲಾಹ್ ನಿನ್ನನ್ನು ಕಾಪಾಡಲಿ.

ನಿನ್ನ ಅಣ್ಣ,
ಶಾನವಾಜ

ತಾ.ಕ.: ನೀನು ಒಪ್ಪಿದ್ದೀ, ಎರಡನೇ ವರ್ಷದ ಅರ್ಜಿ ಹಾಕುವುದಿಲ್ಲ ಎಂದು ಅಮ್ಮನಿಗೆ ನಿನ್ನೆಯೇ ಹೇಳಿಬಿಟ್ಟಿದ್ದೇನೆ. ಮೆಹೆರಾಜ ಬಸ್ ಪಾಸಿಗೆ ಫೋಟೋ ತೆಗೆಸಿಕೊಂಡು ಬಂದಳು. ಶುಕ್ರವಾರ ನಮಾಜ್ ಮುಗಿದ ಮೇಲೆ ಅಮ್ಮ ಫೋನ್ ಮಾಡುತ್ತಾಳೆ. ಅಷ್ಟರೊಳಗೆ ಒಪ್ಪಿಕೋ.